ಟ್ರೇಲರಿನ ಚಕ್ರ ಬಿಸಿಯಾದರೆ ಏನು ಮಾಡಬೇಕು?

ಕಬ್ಬಿನ ಕಟಾವು ಶುರುವಾದರೆ ಟ್ರಾಕ್ಟರಿಗೂ ಟ್ರೇಲರಿಗೂ ಬಿಡುವಿಲ್ಲ. ಮಂಡ್ಯದ ಕಡೆ, ಬೆಳಗಾವಿಯ ಕಡೆ ಹಗಲಿರುಳೂ ಕಬ್ಬಿನ ಹೊರೆ ಸಾಗುತ್ತಿರುತ್ತದೆ. ಗಾಡಿ ನಿಲ್ಲಿಸಿದಾಗ ಚಕ್ರದ ಬಳಿ ಸುಟ್ಟ ವಾಸನೆ ಬಂದರೆ, ದೂರ ಬಂದಿದೆ, ಬಿಸಿಯಾಗಿದೆ ಎಂದು ಸುಮ್ಮನಾಗಬೇಡಿ. ಮಿತಿ ಮೀರಿ ಕಾದ ಬ್ರೇಕಿಗೆ ಹಿಡಿತ ಕಡಿಮೆ. ಪೆಡಲು ತುಳಿದರೂ ಗಾಡಿ ನಿಲ್ಲದಿರುವುದು ಆಗಲೇ, ಅದೂ ಇಳಿಜಾರಿನಲ್ಲಿ.

ಗಾಡಿಯ ಓಟವನ್ನು ಶಾಖವಾಗಿ ಮಾಡುವುದೇ ಬ್ರೇಕಿನ ಕೆಲಸ. ಆದ್ದರಿಂದ ಬೆಚ್ಚಗಾಗುವುದು ಸಹಜ. ಟ್ರಾಕ್ಟರ್, ಟ್ರೇಲರ್, ಹೊರೆ ಸೇರಿ 8 ಟನ್ ತೂಕವಿದೆ ಎನ್ನಿ. 50 ಮೀಟರ್ ಎತ್ತರದ ದಿಣ್ಣೆಯಿಂದ ಅದನ್ನು ಬರಿಯ ಬ್ರೇಕಿನಿಂದಲೇ ಇಳಿಸಿದರೆ, ಸುಮಾರು 12 ಲೀಟರ್, ಎಂದರೆ ಒಂದು ಕೊಡ ತಣ್ಣೀರನ್ನು ಕುದಿಯುವ ಹದಕ್ಕೆ ತರುವಷ್ಟು ಶಾಖ ಹುಟ್ಟುತ್ತದೆ. ಇದನ್ನು ಬ್ರೇಕಿರುವ ಎಲ್ಲ ಚಕ್ರಗಳೂ ಹಂಚಿಕೊಳ್ಳಬೇಕು. ಹಂಚಿಕೊಂಡಿವೆಯೇ ಎಂದು ತಿಳಿಯಲು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅಂಗೈಯ ಹಿಂಬದಿಯನ್ನು ಒಂದೊಂದು ಡ್ರಮ್ಮಿನ ಹತ್ತಿರ ಹಿಡಿದು ನೋಡಿ. ಮುಟ್ಟಬೇಡಿ. ಎಣ್ಣೆಯಲ್ಲಿ ಮುಳುಗಿದ ಬ್ರೇಕುಳ್ಳ ಟ್ರಾಕ್ಟರಾದರೆ ಹಿಂದಿನ ಅಚ್ಚಿನ ಕವಚದ ಬಳಿ ನೋಡಬೇಕು.

ಟ್ರೇಲರಿನ ಒಂದೇ ಚಕ್ರ ಕಾದಿದ್ದರೆ ಬ್ರೇಕು ಬಿಡುತ್ತಿಲ್ಲ, ಇಲ್ಲವೇ ಬೇರಿಂಗ್ ಕೆಟ್ಟಿದೆ. ಹೊರೆ ಇಳಿಸಿ, ಚಕ್ರ ತಣಿದ ಮೇಲೆ ಜಾಕಿನಿಂದ ಎತ್ತಿ, ಅಚ್ಚಿನ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಜಾಕನ್ನೇ ನಂಬಿ ಕೆಳಗೆ ಕೈಹಾಕಕೂಡದು. ಕೈಬ್ರೇಕು ಬಿಟ್ಟು ಚಕ್ರ ತಿರುಗಿಸಿ. ಉಜ್ಜುವ ಸದ್ದಿನೊಡನೆ ಬಿಗಿಯಾಗಿ ತಿರುಗಿದರೆ ಶೂ ಡ್ರಮ್ಮಿಗೆ ಅಂಟಿಕೊಂಡಿದೆ. ಶೂವನ್ನು ಹಿಂದಕ್ಕೆಳೆಯುವ ಸ್ಪ್ರಿಂಗು ಸೋತಿರಬಹುದು, ಸನ್ನೆ ತುಕ್ಕು ಹಿಡಿದಿರಬಹುದು, ಬ್ರೇಕನ್ನು ಅತಿಯಾಗಿ ಬಿಗಿ ಮಾಡಿರಬಹುದು. ಸ್ಪ್ರಿಂಗು ಬದಲಾಯಿಸಿ, ಸನ್ನೆಯ ಕೀಲಿಗೆ ಮಾತ್ರ ತುಸು ಗ್ರೀಸು ಹಚ್ಚಿ. ಲೈನಿಂಗಿಗೆ ಗ್ರೀಸು ತಗುಲಿದರೆ ಅದು ಕೆಟ್ಟಂತೆಯೇ. ಆಗ ಎರಡೂ ಬದಿಯ ಲೈನಿಂಗುಗಳನ್ನು ಒಟ್ಟಿಗೆ ಬದಲಾಯಿಸಬೇಕು. ಡ್ರಮ್ಮಿನೊಳಗಿನ ಧೂಳನ್ನು ಊದಬೇಡಿ. ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಹಾನಿಕರವಾದ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ.

ಚಕ್ರ ಗರಗರ ಎಂದರೆ, ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ ಬೇರಿಂಗ್ ನೋಡಿ. ಸವೆದಿದ್ದರೆ ಹೊಸದು ಹಾಕಿ. ಇಲ್ಲವಾದರೆ ತೊಳೆದು ಹೊಸ ಗ್ರೀಸು ತುಂಬಿ. ಚಕ್ರ ತಿರುಗಿಸುತ್ತಲೇ ನಟ್ಟು ಬಿಗಿದು, ಆಮೇಲೆ ಚಕ್ರ ಸರಾಗವಾಗಿ ತಿರುಗುವಷ್ಟು ಸಡಿಲಿಸಿ ಹೊಸ ಪಿನ್ನು ಹಾಕಬೇಕು.

ಟ್ರಾಕ್ಟರಿನ ಬ್ರೇಕು ಕಾದು, ಟ್ರೇಲರಿನ ಚಕ್ರಗಳು ತಣ್ಣಗಿದ್ದರೆ? ಹಲವರು ಇದನ್ನು ಒಳ್ಳೆಯದೆಂದು ತಿಳಿಯುತ್ತಾರೆ. ನಿಜವಾಗಿ ಅಪಾಯ ಇರುವುದು ಇಲ್ಲೇ. ಟ್ರೇಲರಿನ ಬ್ರೇಕು ಹಿಡಿಯುತ್ತಲೇ ಇಲ್ಲ. ಹೊರೆಯನ್ನೆಲ್ಲ ಟ್ರಾಕ್ಟರೊಂದೇ ತಡೆಯುತ್ತಿದೆ. ತಿರುವಿನಲ್ಲಿ ಟ್ರೇಲರು ಹಿಂದಿನಿಂದ ತಳ್ಳಿ ಟ್ರಾಕ್ಟರನ್ನು ಅಡ್ಡ ತಿರುಗಿಸಿಬಿಡಬಹುದು. ಬ್ರೇಕಿನ ಸರಳು ಕಳಚಿದೆಯೇ, ಲೈನಿಂಗು ಸವೆದುಹೋಗಿದೆಯೇ ಎಂದು ಅಂದೇ ನೋಡಿಸಿ. ಟ್ರಾಕ್ಟರಿನ ಎರಡು ಬ್ರೇಕ್ ಪೆಡಲುಗಳು ಹೊಲದಲ್ಲಿ ಬೇರೆಯಾಗಿದ್ದರೆ ಸರಿ, ರಸ್ತೆಗೆ ಬಂದೊಡನೆ ಕೊಂಡಿ ಹಾಕಿ ಜೋಡಿಸಲೇಬೇಕು.

ಎಲ್ಲ ಚಕ್ರಗಳೂ ಕಾದಿದ್ದರೆ ಹೊರೆ ಹೆಚ್ಚಾಗಿರಬಹುದು, ಇಲ್ಲವೇ ಚಾಲಕನ ಕಾಲು ಸದಾ ಬ್ರೇಕಿನ ಮೇಲಿರಬಹುದು. ದಿಣ್ಣೆ ಹತ್ತಲು ಯಾವ ಗೇರು ಬೇಕೋ ಅದರಲ್ಲೇ ಇಳಿಯಿರಿ. ಇಳಿಜಾರಿಗೆ ಮುಂಚೆಯೇ ಆ ಗೇರು ಹಾಕಿ, ಕ್ಲಚ್ಚು ತುಳಿಯಬೇಡಿ. ಡೀಸೆಲ್ ಉಳಿಯಲೆಂದು ನ್ಯೂಟ್ರಲಿನಲ್ಲಿ ಇಳಿಸುವವರಿದ್ದಾರೆ. ಅದಕ್ಕಿಂತ ದುಬಾರಿಯಾದ ಉಳಿತಾಯ ಮತ್ತೊಂದಿಲ್ಲ.

ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಬಿರುಕು ಬಿಟ್ಟೀತು. ತಾನಾಗಿ ತಣಿಯಲಿ. ದುರಸ್ತಿಯಾದ ಮೇಲೆ ಖಾಲಿ ಗಾಡಿಯನ್ನು ಸ್ವಲ್ಪ ದೂರ ಓಡಿಸಿ, ನಾಲ್ಕಾರು ಸಲ ಬ್ರೇಕು ಹಾಕಿ, ಮತ್ತೆ ಚಕ್ರಗಳ ಬಳಿ ಕೈ ಹಿಡಿದು ನೋಡಿ. ಟ್ರೇಲರಿನ ಎರಡು ಬದಿಯ ಚಕ್ರಗಳೂ ಒಂದೇ ಸಮ ಬೆಚ್ಚಗಿದ್ದರೆ ಹೊರೆ ಹೇರಬಹುದು.