ತಿಳಿನೀರಿನ ಒಳಗುಟ್ಟು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ನೀರಿನ ಮಾತೆತ್ತಿದರೆ ‘ಬಂದಿತೆ?’ ಎಂಬುದೇ ಮೊದಲ ಪ್ರಶ್ನೆ. 1933ರ ತರುವಾಯ ಕೋಡಿ ಹರಿಯದಿದ್ದ ವಾಣಿವಿಲಾಸ ಸಾಗರವು 2022ರಲ್ಲಿ ತುಂಬಿ ಹರಿದಾಗ ಜನರು ಸಂಭ್ರಮಿಸಿದುದು ಸಹಜವೇ. ಆದರೆ ಕೇಳಬೇಕಾದ ಎರಡನೆಯ ಪ್ರಶ್ನೆಯೊಂದುಂಟು: ‘ಶುದ್ಧವಾಗಿದೆಯೆ?’ 2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಮಂದಿ ವಾಂತಿಭೇದಿಗೆ ತುತ್ತಾದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು.

ನೀರು ತಿಳಿಯಾಗಿದ್ದ ಮಾತ್ರಕ್ಕೆ, ಅನ್ನ ಹಳಸದಿದ್ದ ಮಾತ್ರಕ್ಕೆ ನಿರಪಾಯವೆಂದು ಹೇಳುವಂತಿಲ್ಲ. ರೋಗಕಾರಕ ಬ್ಯಾಕ್ಟೀರಿಯಾಗಳು ಕಣ್ಣಿಗೂ ನಾಲಗೆಗೂ ಸಿಕ್ಕುವುದಿಲ್ಲ. ಅವುಗಳನ್ನು ಹಿಡಿಯಲು ವಿಜ್ಞಾನಿಗಳು ಕಂಡುಕೊಂಡ ಉಪಾಯ ವಿಚಿತ್ರವಾದುದು: ಶತ್ರುವಿಗೆ ಊಟವಿಕ್ಕಿ ಬೆಳೆಸುವುದು! ಒಂದೇ ಬ್ಯಾಕ್ಟೀರಿಯಾ ಒಡೆದು ಎರಡಾಗಿ, ಎರಡು ನಾಲ್ಕಾಗಿ, ಒಂದು ದಿನದೊಳಗೆ ಲಕ್ಷಾಂತರವಾಗಿ ಬೆಳೆದು, ಸಾಸಿವೆ ಕಾಳಿನಷ್ಟು ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ.

ಈ ವಿದ್ಯೆಗೆ ಅಡುಗೆಮನೆಯ ಋಣವೂ ಉಂಟು. ಜರ್ಮನಿಯ ರಾಬರ್ಟ್ ಕಾಕ್ ಮೊದಲು ಜೆಲಾಟಿನ್ ಬಳಸುತ್ತಿದ್ದನು. ಬ್ಯಾಕ್ಟೀರಿಯಾಗಳಿಗೆ ಹಿತವಾದ 37 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅದು ಕರಗಿ ನೀರಾಗುತ್ತಿತ್ತು. ಆತನ ಸಹೋದ್ಯೋಗಿ ಹೆಸ್ಸೆಯ ಪತ್ನಿ ಫ್ಯಾನಿ ಹೆಸ್ಸೆ, ತಾನು ತಿಂಡಿಗಳಿಗೆ ಬಳಸುತ್ತಿದ್ದ ಕಡಲ ಪಾಚಿಯ ಅಗರ್ ಅನ್ನು 1881ರಲ್ಲಿ ಸೂಚಿಸಿದಳು. ಆ ಗೃಹಿಣಿಯ ಸಲಹೆ ಇಂದಿಗೂ ಜಗತ್ತಿನ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ನೀರಿನ ಪರೀಕ್ಷೆಯಲ್ಲಿ ಮುಖ್ಯವಾಗಿ ಹುಡುಕುವುದು ಇ. ಕೋಲಿ ಎಂಬ ಬ್ಯಾಕ್ಟೀರಿಯಾವನ್ನು. ಇದರ ವಾಸ ಮನುಷ್ಯರ ಮತ್ತು ದನಕರುಗಳ ಕರುಳು. ಇದರ ಬಹುಪಾಲು ಬಗೆಗಳು ನಿರುಪದ್ರವಿಗಳಾದರೂ, ನೀರಿನಲ್ಲಿ ಇದು ಕಂಡಿತೆಂದರೆ ಮಲ ಬೆರೆತಿದೆಯೆಂದೇ ಅರ್ಥ. ಕಾಲರಾ, ವಿಷಮಶೀತಜ್ವರಗಳು ಬರುವುದೂ ಅದೇ ದಾರಿಯಲ್ಲಿ. ಆದ್ದರಿಂದಲೇ 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಇ. ಕೋಲಿ ಒಂದೂ ಕಾಣಿಸಕೂಡದೆಂಬುದು ಭಾರತೀಯ ಮಾನಕದ ನಿಯಮ. ಆಹಾರದಲ್ಲಿ ಸಾಲ್ಮೊನೆಲ್ಲ ಇದೆಯೇ ಎಂದು ನೋಡಲು 25 ಗ್ರಾಂ ಆಹಾರವನ್ನು ಮೊದಲು ಪೋಷಕ ದ್ರವದಲ್ಲಿಟ್ಟು, ಸೊರಗಿದ ಬ್ಯಾಕ್ಟೀರಿಯಾಗಳನ್ನು ಚೇತರಿಸುತ್ತಾರೆ. ಅನಂತರ ಅವನ್ನಷ್ಟೇ ಬೆಳೆಯಗೊಡುವ ಅಗರಿನ ಮೇಲೆ ಹರಡುತ್ತಾರೆ.

ಇಷ್ಟಾದರೂ ಈ ಪರೀಕ್ಷೆಗೆ ಒಂದು ಮಿತಿಯಿದೆ. ಬೆಳೆಗೆ ಕಾಲ ಬೇಕು. ನೀರಿನ ಫಲಿತಾಂಶಕ್ಕೆ ಒಂದೆರಡು ದಿನ, ಸಾಲ್ಮೊನೆಲ್ಲದ ನಿರ್ಣಯಕ್ಕೆ ನಾಲ್ಕೈದು ದಿನ ಹಿಡಿಯುತ್ತದೆ. ಕಾಲರಾ ಆದರೋ ಕೆಲವೇ ಗಂಟೆಗಳಲ್ಲಿ ಮನುಷ್ಯನನ್ನು ಹಿಂಡಿಬಿಡಬಲ್ಲದು. ಊರಿಗೆ ಊರೇ ಮಲಗಿದ ಮೇಲೆ ನೀರನ್ನು ಸೀಸೆಯಲ್ಲಿ ತುಂಬಿ ಕಳುಹಿಸಿದರೆ ಕಾರಣ ತಿಳಿದೀತು, ಮುಂದಿನವರು ಉಳಿದಾರು, ಹೋದವರು ಬಾರರು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಯನ್ನು ದುರ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲರೂ ಆರೋಗ್ಯದಿಂದಿರುವಾಗ, ಮತ್ತೆ ಮತ್ತೆ ನಡೆದರೆ ಮಾತ್ರ ಈ ಪರೀಕ್ಷೆ ಕಾವಲುಗಾರನಾದೀತು.

ಇದಕ್ಕೆ ದೊಡ್ಡ ಪ್ರಯೋಗಾಲಯವೇ ಬೇಕೆಂದಿಲ್ಲ. ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಸರಳ ಪರೀಕ್ಷೆಯೊಂದುಂಟು. ಔಷಧಿ ಸವರಿದ ಕಾಗದವಿರುವ ಪುಟ್ಟ ಸೀಸೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟರಾಯಿತು. ನೀರು ಕಪ್ಪಾದರೆ ಮಲ ಬೆರೆತಿರುವ ಶಂಕೆಯಿದೆಯೆಂದು ತಿಳಿಯಬೇಕು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳೇ ಇಂಥ ಪರೀಕ್ಷೆಯನ್ನು ನಡೆಸುವುದುಂಟು.

ಪಟ್ಟಣದ ಬೀದಿಯವರೂ ಒಟ್ಟಾಗಿ ತಮ್ಮ ತೊಟ್ಟಿಯ ನೀರಿನ ವರದಿಯನ್ನು ಕೇಳಬಾರದೇಕೆ? ಅದು ಕೈಸೇರುವವರೆಗೆ ನೀರನ್ನು ಕೊತಕೊತನೆ ಕುದಿಸಿ, ಆರಿಸಿ, ಮುಚ್ಚಿಟ್ಟು ಕುಡಿಯುವುದೇ ಲೇಸು.