ಅಂಗಳದಲ್ಲಿ ಇಳಿಯುವ ಎಂಜಿನ್: ಬೆಂಗಳೂರಿನ ಡಾಲ್ಫಿನ್ ಕಾರು ಮತ್ತು ಹಳ್ಳಿಯ ಚೈನ್ ಪುಲ್ಲಿ

ಕಾರಿನ ಎಂಜಿನ್ನನ್ನು ಹೊರತೆಗೆಯುವ ಕೆಲಸಕ್ಕೆ ಗ್ಯಾರೇಜಿನ ಕನ್ನಡದಲ್ಲಿ ‘ಎಂಜಿನ್ ಇಳಿಸುವುದು’ ಎನ್ನುತ್ತಾರೆ. ಬಹಳಷ್ಟು ಗಾಡಿಗಳಲ್ಲಿ ಎಂಜಿನ್ ವಾಸ್ತವವಾಗಿ ಬಾನೆಟ್ಟಿನ ಬಾಯಿಂದ ಮೇಲಕ್ಕೇ ಬರುತ್ತದಾದರೂ ಈ ಮಾತು ತಪ್ಪಲ್ಲ. ಏಕೆಂದರೆ ಎತ್ತುವುದು ಕೆಲವೇ ನಿಮಿಷಗಳ ಕೆಲಸವಾಗಿದ್ದು, ಅದನ್ನು ಗಾಡಿಗೆ ಬಿಗಿದಿರುವ ತಂತಿ, ಕೊಳವೆ, ಬೋಲ್ಟುಗಳನ್ನು ಒಂದೊಂದಾಗಿ ಬಿಡಿಸುವುದರಲ್ಲಿ ಮತ್ತು ಕೊನೆಗೆ ಏನೂ ಮುರಿಯದಂತೆ ನೆಲಕ್ಕೆ ಕೂರಿಸುವುದರಲ್ಲಿ ಇಡೀ ಕೌಶಲ ಅಡಗಿದೆ. ಬಿಡಿಭಾಗಗಳು ಅಂಗಡಿಯಲ್ಲಿ ಸಿಗುವ ಗಾಡಿಯಲ್ಲಿ ಆದ ತಪ್ಪಿಗೆ ದುಡ್ಡು ತೆತ್ತರೆ ಪರಿಹಾರವುಂಟು. ತಯಾರಿಕೆಯೇ ನಿಂತು ದಶಕಗಳಾದ ಗಾಡಿಯಲ್ಲಿ ಮುರಿದ ಒಂದು ಚಿಕ್ಕ ಭಾಗಕ್ಕಾಗಿ ವರ್ಷಗಟ್ಟಲೆ ಅಲೆಯಬೇಕಾದೀತು.

ಕರ್ನಾಟಕದ್ದೇ ಆದ ಅಂಥ ಒಂದು ಗಾಡಿ ಸಿಪಾನಿ ಡಾಲ್ಫಿನ್. ಬಾದಲ್ ಎಂಬ ಮೂರು ಗಾಲಿಯ ಕಾರನ್ನು ಮೊದಲು ತಯಾರಿಸಿದ್ದ ಬೆಂಗಳೂರಿನ ಸಿಪಾನಿ ಕಂಪನಿ, ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರಿನ ವಿನ್ಯಾಸವನ್ನು ಆಧರಿಸಿ 1982ರಲ್ಲಿ ಡಾಲ್ಫಿನ್ನನ್ನು ಮಾರುಕಟ್ಟೆಗೆ ತಂದಿತು. ಎರಡು ಬಾಗಿಲಿನ ಈ ಪುಟ್ಟ ಕಾರಿಗೆ 848 ಸಿಸಿಯ, ನಾಲ್ಕು ಸಿಲಿಂಡರಿನ ಎಂಜಿನ್ನಿತ್ತು. ಶಕ್ತಿ ಹಿಂದಿನ ಗಾಲಿಗಳಿಗೆ ಹೋಗುತ್ತಿತ್ತು. ಮೈ ಫೈಬರ್‌ಗ್ಲಾಸಿನದು, ಅಂದರೆ ಗಾಜಿನ ನಾರನ್ನು ರೆಸಿನ್ನಿನಲ್ಲಿ ನೆನೆಸಿ ಅಚ್ಚಿನಲ್ಲಿ ಗಟ್ಟಿಗೊಳಿಸಿದ್ದು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಎದುರು ಅದು ಮನೆಬಳಕೆಯ ಕಾರಾಗಿ ನಿಲ್ಲಲಾರದೆ ಹೋಯಿತಾದರೂ, ಹಗುರ ಮೈ ಮತ್ತು ಹಿಂಗಾಲಿಯ ಎಳೆತದಿಂದಾಗಿ ರ್‍ಯಾಲಿ ಮತ್ತು ರೇಸಿನ ಹುಚ್ಚಿನವರು ಅದನ್ನು ಬಹಳ ಮೆಚ್ಚಿದರು. ಕುಟುಂಬಕ್ಕೆಂದು ಹುಟ್ಟಿ ಸ್ಪರ್ಧೆಯ ಕಣದಲ್ಲಿ ಹೆಸರು ಮಾಡಿದ ಈ ಗಾಡಿಯನ್ನು ಕನ್ನಡ ನಾಡಿನ ಸ್ಪೋರ್ಟ್ಸ್ ಕಾರು ಎಂದು ಕರೆಯುವುದರಲ್ಲಿ ಅತಿಶಯವಿಲ್ಲ.

ಇದರ ಎಂಜಿನ್ನಿನ ಬ್ಲಾಕು, ಅಂದರೆ ಸಿಲಿಂಡರುಗಳನ್ನು ಹೊತ್ತ ಮುಖ್ಯ ಎರಕ, ಆ ಕಾಲದ ಬಹುಪಾಲು ಕಾರುಗಳಲ್ಲಿ ಇದ್ದಂತೆ ಬೀಡುಕಬ್ಬಿಣದ್ದಲ್ಲ, ಅಲ್ಯೂಮಿನಿಯಮ್ ಮಿಶ್ರಲೋಹದ್ದು. ಆದ್ದರಿಂದ ಅದು ಹಗುರ. ಮನೆಯಲ್ಲೇ ಇಳಿಸಲು ಸಾಧ್ಯವಾಗುವುದೂ ಆ ಕಾರಣದಿಂದಲೇ. ಆದರೆ ಮೆತ್ತನೆಯ ಅಲ್ಯೂಮಿನಿಯಮ್ಮಿನಲ್ಲಿ ಕೂತ ಉಕ್ಕಿನ ಬೋಲ್ಟು ವರ್ಷಗಳ ತೇವದಲ್ಲಿ ಕಚ್ಚಿಕೊಂಡುಬಿಡುತ್ತದೆ. ಬಲವಂತವಾಗಿ ತಿರುಗಿಸಿದರೆ ಬೋಲ್ಟಿನ ತಲೆ ಕಿತ್ತು ಬರುತ್ತದೆ, ಇಲ್ಲವೇ ಬ್ಲಾಕಿನೊಳಗಿನ ಥ್ರೆಡ್ಡೇ ಕಿತ್ತುಹೋಗುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ನೆನೆಯಲು ಬಿಡುವುದು, ಬೆಳಿಗ್ಗೆ ಬೋಲ್ಟನ್ನು ಮೊದಲು ಕೂದಲೆಳೆಯಷ್ಟು ಬಿಗಿಯ ಕಡೆಗೆ ಅಲುಗಿಸಿ ಆಮೇಲೆ ಸಡಿಲಿನ ಕಡೆಗೆ ತಿರುಗಿಸುವುದು ಸರಿಯಾದ ಕ್ರಮ. ಅಲ್ಯೂಮಿನಿಯಮ್ ಬಿಸಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಪೆಟ್ರೋಲಿನ ಅಂಶವೆಲ್ಲ ದೂರವಾದ ಮೇಲೆ ಆ ಜಾಗವನ್ನು ಬೆಚ್ಚಗೆ ಮಾಡುವುದೂ ಉಪಯುಕ್ತ. ಇಂಗ್ಲೆಂಡಿನ ವಿನ್ಯಾಸವಾದ್ದರಿಂದ ಬೋಲ್ಟುಗಳು ಇಂಚಿನ ಅಳತೆಯವು. ಮಿಲಿಮೀಟರಿನ ಪಾನಾ ಹಾಕಿದರೆ ಮೂಲೆ ಸವೆದು ಗುಂಡಗಾಗುತ್ತದೆ.

ಕೆಲಸ ಬ್ಯಾಟರಿಯ ತಂತಿ ಬಿಚ್ಚುವುದರಿಂದ ಆರಂಭವಾಗಬೇಕು; ಪೆಟ್ರೋಲಿನ ಕೊಳವೆ ಬಿಡಿಸುವ ಹೊತ್ತಿಗೆ ಎಲ್ಲೂ ಕಿಡಿ ಹಾರುವ ಸಾಧ್ಯತೆ ಉಳಿದಿರಬಾರದು. ರೇಡಿಯೇಟರಿನ ನೀರನ್ನು ನೆಲಕ್ಕೆ ಬಿಡದೆ ಬಕೆಟ್ಟಿನಲ್ಲಿ ಹಿಡಿದು ಮುಚ್ಚಿಡಬೇಕೆಂಬುದನ್ನು ದನಕರು, ನಾಯಿಗಳಿರುವ ಹಳ್ಳಿಯ ಮನೆಯಲ್ಲಿ ಒತ್ತಿ ಹೇಳಬೇಕಾಗುತ್ತದೆ: ಅದರಲ್ಲಿ ಬೆರೆಸುವ ಕೂಲೆಂಟಿನಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದು, ನೆಕ್ಕಿದ ಪ್ರಾಣಿಯ ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲುವಷ್ಟು ವಿಷಕಾರಿ. ಬಾನೆಟ್, ರೇಡಿಯೇಟರ್, ಕಾರ್ಬ್ಯುರೇಟರಿನ ಕೇಬಲ್ಲುಗಳು, ಸೈಲೆನ್ಸರ್ ಕೊಳವೆ ಒಂದರ ಹಿಂದೊಂದು ಬಿಚ್ಚಿಕೊಳ್ಳುತ್ತವೆ. ಪ್ರತಿ ತಂತಿಗೂ ಚೀಟಿ ಕಟ್ಟುವುದು, ಬಿಚ್ಚಿದ ಬೋಲ್ಟನ್ನು ಸಾಧ್ಯವಿದ್ದಲ್ಲೆಲ್ಲ ಅದೇ ತೂತಿಗೆ ಎರಡು ಸುತ್ತು ಹಾಕಿಡುವುದು ಅತಿ ಎಚ್ಚರಿಕೆಯಂತೆ ಕಂಡೀತು. ಆದರೆ ಚಿಕ್ಕ ತೂತಿಗೆ ಉದ್ದನೆಯ ಬೋಲ್ಟು ಹಾಕಿ ಬಿಗಿದರೆ ಅದರ ತುದಿ ತಳಕ್ಕೆ ತಾಗಿ ಅಲ್ಯೂಮಿನಿಯಮ್ಮಿನ ಎರಕವೇ ಬಿರುಕು ಬಿಡಬಹುದು.

ಫೈಬರ್‌ಗ್ಲಾಸಿನ ಮೈ ಇನ್ನೊಂದು ವಿಶೇಷ ಎಚ್ಚರವನ್ನು ಬೇಡುತ್ತದೆ. ಸಾಮಾನ್ಯ ಕಾರಿನಲ್ಲಿ ಕಬ್ಬಿಣದ ಮೈಯೇ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿಯಾಗಿರುತ್ತದೆ. ಇದಕ್ಕೆ ಅರ್ಥ್ ಎನ್ನುತ್ತಾರೆ. ಫೈಬರ್‌ಗ್ಲಾಸಿನಲ್ಲಿ ವಿದ್ಯುತ್ತು ಹರಿಯದ ಕಾರಣ ಡಾಲ್ಫಿನ್ನಿನಂಥ ಕಾರಿನಲ್ಲಿ ಆ ದಾರಿಯನ್ನು ಬೇರೆ ತಂತಿಗಳಿಂದಲೇ ಒದಗಿಸಬೇಕಾಗುತ್ತದೆ. ಅವುಗಳಲ್ಲಿ ಒಂದನ್ನು ಮರಳಿ ಜೋಡಿಸಲು ಮರೆತರೆ ಸ್ಟಾರ್ಟರ್ ಅಲುಗದೆ, ಹೊಸದಾಗಿ ಕೂಡಿಸಿದ ಎಂಜಿನ್ನೇ ಕೆಟ್ಟಿದೆಯೆಂಬ ಭ್ರಮೆ ಹುಟ್ಟುತ್ತದೆ.

ಎತ್ತುವ ಸಾಧನಕ್ಕಾಗಿ ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯಂಥ ಊರಿನವರು ಹುಬ್ಬಳ್ಳಿಯತ್ತ ನೋಡಬೇಕಾಗಿಲ್ಲ. ಕೊಳವೆಬಾವಿಯಿಂದ ಮೋಟರನ್ನೂ ಅದರ ಪೈಪುಗಳನ್ನೂ ಮೇಲೆಳೆಯಲು ಬಳಸುವ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ಮತ್ತು ಚೈನ್ ಪುಲ್ಲಿ, ಅಂದರೆ ಹಲ್ಲುಚಕ್ರಗಳ ಮೂಲಕ ಕೈಯ ಸಣ್ಣ ಎಳೆತವನ್ನು ದೊಡ್ಡ ಭಾರ ಎತ್ತುವ ಬಲವಾಗಿ ಮಾರ್ಪಡಿಸುವ ಸರಪಳಿಯ ಕಪ್ಪಿ, ಈ ಕೆಲಸಕ್ಕೂ ಸಾಕು; ನೂರಾರು ಅಡಿ ಪೈಪಿನ ಭಾರ ಹೊರುವ ಆ ಸಾಧನಕ್ಕೆ ಈ ಎಂಜಿನ್ ಹೊರೆಯೇ ಅಲ್ಲ. ಆದರೆ ಮಳೆಗೆ ನೆನೆದ ಅಂಗಳದಲ್ಲಿ ಸ್ಟ್ಯಾಂಡಿನ ಕಾಲು ಹೂತು ವಾಲುತ್ತದೆ, ಆದ್ದರಿಂದ ಸುಗ್ಗಿ ಮುಗಿದ ಮೇಲಿನ ಒಣ ದಿನಗಳೇ ಒಳ್ಳೆಯವು. ಕಾಲುಗಳು ಹೊರಕ್ಕೆ ಜಾರದಂತೆ ಮೂರನ್ನೂ ಸರಪಳಿಯಿಂದ ಬಂಧಿಸುವುದು ಎಲ್ಲ ಕಾಲದಲ್ಲೂ ಕಡ್ಡಾಯ. ತೂಗುತ್ತಿರುವ ಎಂಜಿನ್ನಿನ ಕೆಳಗೆ ಕೈಯನ್ನಾಗಲಿ ಕಾಲನ್ನಾಗಲಿ ಚಾಚುವ ಅಗತ್ಯ ಒಂದು ಕ್ಷಣವೂ ಬಾರದಂತೆ ಕೆಲಸವನ್ನು ಮೊದಲೇ ಹೊಂದಿಸಿಕೊಳ್ಳಬೇಕು.

ಅತ್ಯಂತ ನಾಜೂಕಿನ ಗಳಿಗೆ ಬರುವುದು ಎಂಜಿನ್ ಗೇರ್‌ಬಾಕ್ಸಿನಿಂದ ಬೇರ್ಪಡುವಾಗ. ಗೇರ್‌ಬಾಕ್ಸಿನಿಂದ ಮುಂದಕ್ಕೆ ಚಾಚಿರುವ ಇನ್‌ಪುಟ್ ಶಾಫ್ಟ್ ಎಂಬ ಗೀರುಗಳುಳ್ಳ ಸರಳು ಕ್ಲಚ್ ಪ್ಲೇಟಿನ ನಡುತೂತಿನಲ್ಲಿ ತೂರಿಕೊಂಡಿರುತ್ತದೆ. ಎರಡನ್ನೂ ಕೂಡಿಸಿದ ಬೋಲ್ಟುಗಳು ಕಳಚಿದೊಡನೆ ಎಂಜಿನ್ನನ್ನು ಮೇಲಕ್ಕೆ ಎಳೆದುಬಿಟ್ಟರೆ ಇಡೀ ಭಾರ ಆ ಸರಳಿನ ಮೇಲೆ ಬಿದ್ದು ಕ್ಲಚ್ ಪ್ಲೇಟ್ ಸೊಟ್ಟಗಾಗುತ್ತದೆ. ಗೇರ್‌ಬಾಕ್ಸಿನ ಕೆಳಗೆ ಜಾಕ್ ಕೊಟ್ಟು, ಎಂಜಿನ್ನನ್ನು ಅದೇ ಮಟ್ಟದಲ್ಲಿ ತೂಗಿಸಿ, ಸರಳು ಪೂರ್ತಿ ಬಿಡುವವರೆಗೂ ನೇರವಾಗಿ ಮುಂದಕ್ಕೇ ಸರಿಸಬೇಕು. ಮೇಲೇರುವುದು ಆಮೇಲಿನ ಮಾತು. ಒಬ್ಬರು ಸರಪಳಿ ಎಳೆಯುತ್ತ, ಇನ್ನೊಬ್ಬರು ಎಂಜಿನ್ನಿನ ಮೂತಿ ಹಿಡಿದು, ಮೂರನೆಯವರು ಬ್ಯಾಟರಿ ದೀಪ ಹಿಡಿದು ಆ ಸಂದಿಯನ್ನೇ ನೋಡುತ್ತಿದ್ದರೆ ಬೆರಳಷ್ಟು ಬೆರಳಷ್ಟಾಗಿ ಅದು ಕಳಚಿಕೊಳ್ಳುತ್ತದೆ.

ನೆಲಕ್ಕಿಳಿದ ಎಂಜಿನ್ನನ್ನು ಹಳೆಯ ಟ್ರ್ಯಾಕ್ಟರ್ ಟೈರಿನ ಮೇಲೆ ಕೂರಿಸಿದ ಬಳಿಕವೂ ಒಂದು ಎಚ್ಚರ ಉಳಿದಿರುತ್ತದೆ. ಈ ಎಂಜಿನ್ನಿನ ಪಿಸ್ಟನ್ನುಗಳು ಓಡಾಡುವ ಕಬ್ಬಿಣದ ತೋಳುಗಳು ‘ವೆಟ್ ಲೈನರ್’ ಬಗೆಯವು, ಅಂದರೆ ಅವುಗಳ ಹೊರಮೈಗೆ ತಂಪಿನ ನೀರು ನೇರವಾಗಿ ತಾಗುತ್ತಿರುತ್ತದೆ; ಮೇಲಿನ ಸಿಲಿಂಡರ್ ಹೆಡ್ಡಿನ ಒತ್ತಡವೇ ಅವನ್ನು ಬ್ಲಾಕಿನಲ್ಲಿ ಅದುಮಿ ಹಿಡಿದಿರುತ್ತದೆ. ಹೆಡ್ ಬಿಚ್ಚಿದ ಮೇಲೆ ಕುತೂಹಲಕ್ಕೆಂದು ಎಂಜಿನ್ನನ್ನು ಕೈಯಿಂದ ತಿರುಗಿಸಿದರೆ ಪಿಸ್ಟನ್ನಿನ ಜೊತೆ ಲೈನರ್ ಮೇಲೆದ್ದು, ಅದರ ಬುಡದ ನೀರುತಡೆ ಹಾಳಾಗುತ್ತದೆ. ಮುಂದೆ ಎಂಜಿನ್ ಓಡುವಾಗ ನೀರು ಎಣ್ಣೆಯೊಳಕ್ಕೆ ಇಳಿದು ಬೇರಿಂಗುಗಳು ಕೆಡುತ್ತವೆ. ಹೆಡ್ಡಿನ ಬೋಲ್ಟುಗಳ ಜಾಗದಲ್ಲೇ ಅಗಲ ವಾಷರುಗಳನ್ನು ಬಿಗಿದು ಲೈನರುಗಳನ್ನು ಒತ್ತಿ ಹಿಡಿಸಿದ ಮೇಲಷ್ಟೇ ಬ್ಲಾಕನ್ನು ಮುಟ್ಟಬೇಕು, ಮತ್ತು ಗೇರ್‌ಬಾಕ್ಸಿನ ತೆರೆದ ಬಾಯಿಗೆ ಅಂದು ಸಂಜೆಯೇ ದಪ್ಪ ಬಟ್ಟೆ ಕಟ್ಟಬೇಕು, ಧೂಳಿಗಿಂತ ಮೊದಲು ಇಲಿಗಳು ಅಲ್ಲಿ ಮನೆ ಮಾಡುತ್ತವೆ.