ಕೊಕ್ಕೆಹುಳು: ರಕ್ತಪರೀಕ್ಷೆ ತಿಳಿಸುವುದೇನು?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಮುಂಗಾರು ಬಿದ್ದೊಡನೆ ತಂಬಾಕು ಹೊಲದ ಕೆಲಸ ಬಿರುಸಾಗುತ್ತದೆ. ಬರಿಗಾಲಿನಲ್ಲಿ ದುಡಿಯುವವರು ಎಚ್ಚರದಿಂದಿರಬೇಕು. ಮಲ ಬೆರೆತ ತೇವದ ಮಣ್ಣಿನಿಂದ ಕೊಕ್ಕೆಹುಳುವಿನ ಮರಿ ಅಂಗಾಲನ್ನು ಕೊರೆದು ದೇಹವನ್ನು ಸೇರುತ್ತದೆ. ಬೆಳೆದ ಹುಳು ಕರುಳನ್ನು ಕಚ್ಚಿ ರಕ್ತ ಹೀರುತ್ತದೆ. ರಕ್ತದೊಡನೆ ಕಬ್ಬಿಣವೂ ನಷ್ಟವಾಗುತ್ತದೆ.

ಹುಳುವನ್ನು ಎದುರಿಸಲು ದೇಹವು ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳನ್ನು ಹೆಚ್ಚಿಸುತ್ತದೆ. ಅಲರ್ಜಿಯಲ್ಲಿಯೂ ಇವು ಏರುವುದರಿಂದ ಮಲಪರೀಕ್ಷೆಯೂ ಅಗತ್ಯ.

ಫೆರಿಟಿನ್ ಎಂಬುದು ದೇಹದಲ್ಲಿನ ಕಬ್ಬಿಣದ ಕಣಜದ ಅಳತೆ; ಹಿಮೋಗ್ಲೋಬಿನ್ ದಿನದ ಅಡುಗೆ ಇದ್ದಂತೆ. ಕಣಜ ಬರಿದಾಗುತ್ತಿದ್ದರೂ ಕೆಲಕಾಲ ಅಡುಗೆ ನಡೆದೀತು. ಆದುದರಿಂದ ಹಿಮೋಗ್ಲೋಬಿನ್ ಸರಿಯಿದ್ದಾಗಲೂ ಫೆರಿಟಿನ್ ಇಳಿದಿರಬಹುದು. ಸೋಂಕು, ಉರಿಯೂತಗಳಿದ್ದಾಗ ಫೆರಿಟಿನ್ ಏರಿ ಕೊರತೆಯನ್ನು ಮರೆಮಾಡುವುದುಂಟು.

400 ಮಿಲಿಗ್ರಾಂನ ಆಲ್ಬೆಂಡಜೋಲ್ ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಆದರೆ ಕಣಜವನ್ನು ತುಂಬುವುದಿಲ್ಲ. ಅದಕ್ಕೆ ವೈದ್ಯರು ಹೇಳಿದಷ್ಟು ತಿಂಗಳು ಕಬ್ಬಿಣದ ಮಾತ್ರೆ ನುಂಗಬೇಕು. ಗರ್ಭಿಣಿಯರು ವೈದ್ಯರನ್ನು ಕೇಳದೆ ಹುಳುವಿನ ಮಾತ್ರೆ ಸೇವಿಸಬಾರದು.

2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದ ಮಾತ್ರೆ ಮುಖ್ಯವಾಗಿ 1ರಿಂದ 19 ವರ್ಷದವರಿಗೆ. ಹೊಲದಲ್ಲಿ ದುಡಿಯುವ ದೊಡ್ಡವರು ಆಯಾಸ, ಏದುಸಿರು ಕಂಡಾಗ ತಾವಾಗಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಪರೀಕ್ಷಿಸಿಕೊಳ್ಳಬೇಕು. ಕಾಲಿಗೆ ಪಾದರಕ್ಷೆ, ಮನೆಗೆ ಶೌಚಾಲಯ ಇಲ್ಲದಿದ್ದರೆ ಹುಳು ಮತ್ತೆ ಬರುತ್ತದೆ.